ಸೊಸೈಟಿಯ ಜಾಮೀನು ಸಾಲ: ಸಾಲಗಾರನಿಗೆ ನಾಲ್ಕು ಅಂಕ, ಜಾಮೀನುದಾರನಿಗೆ ಒಂದೂವರೆ

ಸಾಲ ಪಡೆಯುವವರ ಕಡೆಯಿಂದ ನೋಡಿದರೆ ಶಿರಸಿ, ಸಿದ್ದಾಪುರ, ಕುಮಟಾ, ಕಾರವಾರದ ಸಹಕಾರಿ ಸಂಘಗಳ ಜಾಮೀನು ಸಾಲಕ್ಕೆ ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ತೋಟ ಅಡವಿಡಬೇಕಿಲ್ಲ, ಪಹಣಿಯಲ್ಲಿ ಬೋಜಾ (ಸಾಲದ ಹೊರೆಯ ನಮೂದು) ಕೂರುವುದಿಲ್ಲ, ಇಬ್ಬರು ಸದಸ್ಯರ ಸಹಿ ಇದ್ದರೆ ಕೆಲಸ ಬೇಗ ಮುಗಿಯುತ್ತದೆ. ಆದರೆ ಈ ಸೇವೆಗೆ ಗಿರಾಕಿಗಳು ಎರಡು ಬಗೆ. ಸಹಿ ಹಾಕಿ ಚಾ ಕುಡಿದು ಮನೆಗೆ ಹೋಗುವ ಜಾಮೀನುದಾರನಿಗೆ ಕೌಂಟರಿನಲ್ಲಿ ಸಿಗುವ ಮಾಹಿತಿ ಬಹಳ ಕಡಿಮೆ. ಅವನ ಪಾಲಿಗೆ ಒಂದೂವರೆ ಅಂಕವೇ ಹೆಚ್ಚು.

ಮೊದಲು ಕಾನೂನು. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆಯದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. "ಮೊದಲು ಅವನ ಹತ್ತಿರ ವಸೂಲಿ ಮಾಡಿ, ಆಗದಿದ್ದರೆ ನನ್ನ ಹತ್ತಿರ ಬನ್ನಿ" ಎನ್ನುವ ಹಕ್ಕು ಅವನಿಗಿಲ್ಲ. ಸುಪ್ರೀಂ ಕೋರ್ಟ್ ಇದನ್ನು 1968ರಲ್ಲೇ ಬ್ಯಾಂಕ್ ಆಫ್ ಬಿಹಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. "ಬರೀ ಫಾರ್ಮಾಲಿಟಿ, ಸಹಿ ಮಾಡಿ ಸಾಕು" ಎಂದು ಟೇಬಲಿನ ಆಚೆಯಿಂದ ಯಾರಾದರೂ ಹೇಳಿದರೆ ಅದು ಸುಳ್ಳು, ಹೇಳಿದವರು ಎಷ್ಟೇ ಪರಿಚಯದವರಿರಲಿ.

ಲೆಕ್ಕ ಹಾಕಿ ನೋಡಿ. ₹3 ಲಕ್ಷ ಸಾಲ, ಶೇ. 12 ಬಡ್ಡಿ, 36 ಕಂತು ಎಂದರೆ ತಿಂಗಳಿಗೆ ಸುಮಾರು ₹9,964. ಸಾಲಗಾರ ಒಂದು ವರ್ಷ ಸರಿಯಾಗಿ ಕಟ್ಟಿ ಕೈಬಿಟ್ಟರೆ ಉಳಿಯುವ ಅಸಲು ₹2.12 ಲಕ್ಷದ ಆಸುಪಾಸು. ಸುಸ್ತಿಯಾದ ಮೇಲಿನ ಬಡ್ಡಿ, ದಂಡ, ನೋಟಿಸು ಮತ್ತು ದಾವೆಯ ಖರ್ಚು ಇದರ ಮೇಲೆ. ಜಾಮೀನುದಾರರು ಇಬ್ಬರಿದ್ದರೆ ತಲಾ ₹1.06 ಲಕ್ಷ ಎಂದುಕೊಳ್ಳುವವರೇ ಹೆಚ್ಚು. ಕರಾರು ಕಾಯ್ದೆಯ 146ನೇ ಕಲಮು ಹೇಳುವ ಆ ಸಮಪಾಲು ಜಾಮೀನುದಾರರ ನಡುವಿನ ಲೆಕ್ಕ ಮಾತ್ರ. ಸಂಘವು ಪೂರ್ತಿ ಮೊತ್ತವನ್ನು ಒಬ್ಬನಿಂದಲೇ ಕೇಳಬಹುದು, ಕೇಳುವುದು ಸಾಮಾನ್ಯವಾಗಿ ಸಂಬಳ ಬರುವವನನ್ನೇ. ಕಾರವಾರದ ಕಡೆ ಸರ್ಕಾರಿ ನೌಕರರ, ಶಿಕ್ಷಕರ, ಕೈಗಾದ ನೌಕರರ ಸಹಿಗೆ ಅಷ್ಟು ಬೇಡಿಕೆ ಇರುವುದು ಇದಕ್ಕೇ.

ಸಂಬಳದವರು ಗಮನಿಸಬೇಕಾದ ಕಾಗದ ಇನ್ನೊಂದಿದೆ. ಜಪ್ತಿ ಕೋರ್ಟಿನ ಮೂಲಕ ಬಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ರಕ್ಷಣೆ ಉಂಟು: ಮೊದಲ ₹1,000 ಮತ್ತು ಉಳಿದದ್ದರ ಮೂರನೇ ಎರಡು ಪಾಲನ್ನು ಮುಟ್ಟುವಂತಿಲ್ಲ. ₹40,000 ಸಂಬಳವಾದರೆ ಹೆಚ್ಚೆಂದರೆ ₹13,000 ಹೋಗುತ್ತದೆ. ಆದರೆ ಸಂಬಳದಿಂದ ಕಡಿತ ಮಾಡಲು ಮೇಲಧಿಕಾರಿಗೆ ಬರೆದ ಒಪ್ಪಿಗೆ ಪತ್ರವನ್ನು ಅರ್ಜಿಯ ಜೊತೆಯಲ್ಲೇ ಪಡೆಯುವ ಪದ್ಧತಿ ಇದೆ. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ 34ನೇ ಕಲಮು ಇಂಥ ಒಪ್ಪಿಗೆಗೆ ಬಲ ಕೊಡುತ್ತದೆ. ಅದಕ್ಕೆ ಸಹಿ ಬಿದ್ದಿದ್ದರೆ ಕಡಿತ ಕೋರ್ಟಿಗಾಗಿ ಕಾಯುವುದಿಲ್ಲ. ಅದರಲ್ಲಿ ಕಡಿತದ ಗರಿಷ್ಠ ಮೊತ್ತ ಬರೆಸದೆ ಸಹಿ ಬೇಡ.

ತೋಟದವರ ಪಾಡು ಬೇರೆ. ಮಹಸೂಲು ಮಾರಿದ ಹಣ, ಠೇವಣಿ, ಷೇರು ಎಲ್ಲವೂ ಒಂದೇ ಸಂಘದಲ್ಲಿ ಇರುತ್ತದೆ, ಜಾಮೀನಿನ ಸಹಿಯೂ ಅಲ್ಲೇ. ಸಾಲಗಾರ ಸುಸ್ತಿಯಾದಾಗ ಜಾಮೀನುದಾರನ ಠೇವಣಿ ತಡೆಹಿಡಿಯುವ ಷರತ್ತು ಪತ್ರದಲ್ಲಿ ಇದ್ದರೆ, ಎತ್ತಿಗೆ ಜ್ವರ ಬಂದು ಎಮ್ಮೆಗೆ ಬರೆ ಬೀಳುತ್ತದೆ. ಉಳಿತಾಯ ಇರುವ ಸಂಘದಲ್ಲೇ ಜಾಮೀನು ನಿಲ್ಲದಿರುವುದು ಸುರಕ್ಷಿತ. ಊರಿಗೆ ಒಂದೇ ಸೊಸೈಟಿ ಇರುವಲ್ಲಿ ಇದು ಹೇಳಿದಷ್ಟು ಸುಲಭವಲ್ಲ, ನಿಜ.

ಈ ಸೇವೆಯ ಅತಿ ಕಳಪೆ ಭಾಗ ಅಚ್ಚಾದ ಜಾಮೀನು ಪತ್ರ. ನೋಡಬೇಕಾದ್ದು ಮೂರು. ಒಂದು, ಮೊತ್ತದ ಜಾಗ ಖಾಲಿ ಇದೆಯೇ ಎಂಬುದು. ಖಾಲಿ ಇದ್ದರೆ ಅಂಕಿ ಮತ್ತು ಅಕ್ಷರ ಎರಡರಲ್ಲೂ ಅಲ್ಲೇ ತುಂಬಿಸಿ, "ಬಡ್ಡಿ, ಖರ್ಚು ಸೇರಿ ಇಷ್ಟಕ್ಕೆ ಸೀಮಿತ" ಎಂದು ಬರೆಸಲು ಕೇಳಬೇಕು. ಎರಡು, "ಮುಂದುವರಿಯುವ ಜಾಮೀನು" ಎಂಬ ಮಾತು. ಪ್ರತಿ ವರ್ಷ ನವೀಕರಣವಾಗುವ ಓವರ್‌ಡ್ರಾಫ್ಟ್, ಕ್ಯಾಶ್ ಕ್ರೆಡಿಟ್‌ಗಳಲ್ಲಿ (ಮಿತಿಯೊಳಗೆ ಬೇಕಾದಾಗ ಎತ್ತಿ ಕಟ್ಟುವ ಸಾಲಗಳಲ್ಲಿ) ಇದು ಬರುತ್ತದೆ. ಈ ವರ್ಷದ ಸಹಿ ನಾಲ್ಕು ವರ್ಷದ ನಂತರದ ಬಾಕಿಗೂ ಅನ್ವಯಿಸುತ್ತದೆ. ಕರಾರು ಕಾಯ್ದೆಯ 130ನೇ ಕಲಮಿನಡಿ ಲಿಖಿತ ನೋಟಿಸು ಕೊಟ್ಟು ಹಿಂದೆ ಸರಿಯಬಹುದು, ಆದರೆ ಮುಂದಿನ ವ್ಯವಹಾರಗಳಿಗೆ ಮಾತ್ರ. ಈಗಾಗಲೇ ಎತ್ತಿದ ಸಾಲ ತಲೆಯ ಮೇಲೇ ಇರುತ್ತದೆ. ಮೂರು, 133ರಿಂದ 141ರವರೆಗಿನ ಕಲಮುಗಳ ಹಕ್ಕುಗಳನ್ನು ಬಿಟ್ಟುಕೊಟ್ಟಿದ್ದೇನೆ ಎಂಬ ಸಾಲು. ಜಾಮೀನುದಾರನ ಒಪ್ಪಿಗೆಯಿಲ್ಲದೆ ಸಾಲದ ಷರತ್ತು ಬದಲಿಸಿದರೆ, ನಂತರದ ವ್ಯವಹಾರಗಳಿಗೆ ಅವನು ಬಿಡುಗಡೆ ಹೊಂದುತ್ತಾನೆ ಎನ್ನುವುದು ಈ 133ನೇ ಕಲಮೇ. ಆ ಒಂದು ಸಾಲು ಅದನ್ನು ಕಿತ್ತುಕೊಳ್ಳುತ್ತದೆ. ಹೊಡೆದುಹಾಕಲು ಸಂಘ ಒಪ್ಪುವುದು ಅಪರೂಪ, ಆದರೂ ಕೇಳಬೇಕು.

ಕಂತಿನ ಕಾಲವನ್ನೂ ಕೇಳಿ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಬೋಟಿನ ದುಡಿಮೆಯನ್ನೇ ನಂಬಿದ ಸಾಲಕ್ಕೆ ಹನ್ನೆರಡೂ ತಿಂಗಳ ಕಂತು ಹಾಕಿದ್ದರೆ ಮಳೆಗಾಲದಲ್ಲಿ ಎರಡು ಕಂತು ತಪ್ಪುವುದು ಬಹುತೇಕ ಖಚಿತ. ಅಡಿಕೆಯ ಸಾಲಕ್ಕೂ ತಿಂಗಳ ಕಂತಿಗಿಂತ ಕೊಯ್ಲು, ಮಾರಾಟಕ್ಕೆ ಹೊಂದುವ ವಾರ್ಷಿಕ ಕಂತೇ ಸರಿ. ಶೂನ್ಯ ಬಡ್ಡಿಯ ಬೆಳೆ ಸಾಲದಲ್ಲಿ (ಮಿತಿಯನ್ನು 2023ರಲ್ಲಿ ₹3 ಲಕ್ಷದಿಂದ ₹5 ಲಕ್ಷಕ್ಕೆ ಏರಿಸಲಾಗಿದೆ) ಗಡುವು ಮೀರಿದರೆ ಬಡ್ಡಿ ಸಹಾಯಧನ ತಪ್ಪುತ್ತದೆ. "ಬಡ್ಡಿಯೇ ಇಲ್ಲವಲ್ಲ" ಎಂದು ಸಹಿ ಹಾಕಿದವನಿಗೆ ಆಗ ಬಡ್ಡಿಯೂ ಕಾಣಿಸುತ್ತದೆ.

ಬ್ಯಾಂಕು ಅಥವಾ ಫೈನಾನ್ಸ್ ಕಂಪನಿಯಲ್ಲಾದರೆ ಸ್ವಲ್ಪ ಹೆಚ್ಚು ಅಂಕ, ಏಕೆಂದರೆ ಅಲ್ಲಿ ರಿಸರ್ವ್ ಬ್ಯಾಂಕಿನ ನಿಯಮವಿದೆ. ಶಿರಸಿಯಲ್ಲಿ ಕೇಂದ್ರ ಕಚೇರಿ ಇರುವ ಕೆಡಿಸಿಸಿಯಂಥ (ಕೆನರಾ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕ್) ಸಹಕಾರಿ ಬ್ಯಾಂಕುಗಳೂ ಇದರಡಿ ಬರುತ್ತವೆ. ಹಳ್ಳಿಯ ಸೊಸೈಟಿ, ಪತ್ತಿನ ಸೌಹಾರ್ದಗಳು ಬರುವುದಿಲ್ಲ. 2024ರ ಅಕ್ಟೋಬರ್ 1ರಿಂದ ಹೊಸ ರಿಟೇಲ್ ಸಾಲಗಳಿಗೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಕಡ್ಡಾಯ. ಬಡ್ಡಿ, ಶುಲ್ಕ ಎಲ್ಲ ಸೇರಿದ ವಾರ್ಷಿಕ ದರ ಅದರಲ್ಲಿ ಇರುತ್ತದೆ. ಅದರ ಪ್ರತಿಯನ್ನು ಜಾಮೀನುದಾರನೂ ಸಾಲಗಾರನಿಂದ ಕೇಳಿ ಪಡೆಯಬೇಕು. ದಂಡದ ಮೊತ್ತವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಹಾಕುವುದಕ್ಕೂ ವಾಣಿಜ್ಯ ಬ್ಯಾಂಕು, ಫೈನಾನ್ಸ್ ಕಂಪನಿಗಳಲ್ಲಿ ಅವಕಾಶವಿಲ್ಲ.

ಇನ್ನು ಸಿಬಿಲ್, ಅಂದರೆ ಸಾಲ ತೀರಿಸಿದ ಚರಿತ್ರೆಯ ವರದಿ. ಬ್ಯಾಂಕಿನ ಸಾಲಕ್ಕೆ ಜಾಮೀನು ನಿಂತರೆ ಅದು ಜಾಮೀನುದಾರನ ವರದಿಯಲ್ಲೂ ಕಾಣುತ್ತದೆ. ಕಂತು 90 ದಿನ ಮೀರಿ ಬಾಕಿಯಾದರೆ ಸಾಲ ಸಾಮಾನ್ಯವಾಗಿ ಎನ್‌ಪಿಎ, ಅಂದರೆ ಕೆಟ್ಟ ಸಾಲ. ನಾಳೆ ಸ್ವಂತ ಮನೆ ಸಾಲಕ್ಕೆ ಹೋದಾಗ ಇದೇ ಅಡ್ಡ ಬರುತ್ತದೆ. ವರ್ಷಕ್ಕೊಂದು ಉಚಿತ ವರದಿ ಸಿಗುತ್ತದೆ, ತೆಗೆದು ನೋಡುತ್ತಿರಬೇಕು. ಅದಕ್ಕಿಂತ ಉತ್ತಮ ಉಪಾಯವೆಂದರೆ ಮೊದಲ ಕಂತು ತಪ್ಪಿದ ಕೂಡಲೇ ತನಗೂ ತಿಳಿಸಬೇಕೆಂದು ಸಹಿಯ ದಿನವೇ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸುವುದು. ಸಾಲಗಾರ ತೀರಿಕೊಂಡರೂ ಹೊಣೆ ಉಳಿಯುವುದರಿಂದ ಸಾಲಕ್ಕೆ ವಿಮೆ ಇದೆಯೇ ಎಂದೂ ಆಗಲೇ ಕೇಳಿಬಿಡಬೇಕು.

ಕೊನೆಗೂ ಕಟ್ಟಬೇಕಾಗಿ ಬಂದರೆ ಸಾಲಗಾರನ ಕೈಗೆ ನಗದು ಕೊಟ್ಟು "ನೀನೇ ಕಟ್ಟು" ಎನ್ನಬಾರದು. ಸ್ವಂತ ಖಾತೆಯಿಂದ ನೇರವಾಗಿ ಸಾಲದ ಖಾತೆಗೆ ಕಟ್ಟಿ, "ಜಾಮೀನುದಾರನಾಗಿ ಪಾವತಿಸಿದ್ದು" ಎಂಬ ರಸೀದಿ ಪಡೆಯಬೇಕು. ಪೂರ್ತಿ ತೀರಿಸಿದವನಿಗೆ ಕರಾರು ಕಾಯ್ದೆಯ 140 ಮತ್ತು 141ನೇ ಕಲಮುಗಳಡಿ ಸಾಲ ಕೊಟ್ಟವರ ಹಕ್ಕುಗಳೂ ಅವರ ಬಳಿಯ ಭದ್ರತೆಗಳೂ ಬರುತ್ತವೆ. ವಾಹನ, ಬಂಗಾರ ಏನಾದರೂ ಅಡವಿದ್ದರೆ ಅದನ್ನು ಸಾಲಗಾರನಿಗೆ ಮರಳಿಸದಂತೆ ಲಿಖಿತವಾಗಿ ತಿಳಿಸಬೇಕು. ಕಟ್ಟಿದ ಹಣವನ್ನು ಸಾಲಗಾರನಿಂದ ವಸೂಲಿ ಮಾಡಲು 145ನೇ ಕಲಮು ಆಧಾರ. ಸಂಘದ ಸಾಲವಾದರೆ ಸಹಕಾರ ಕಾಯ್ದೆಯ 70ನೇ ಕಲಮಿನಡಿ ವಿವಾದ ಹೂಡಬಹುದು, ಬ್ಯಾಂಕಿನದಾದರೆ ಸಿವಿಲ್ ಕೋರ್ಟು. ಸಿವಿಲ್ ದಾವೆಗೆ ಹಣ ಕಟ್ಟಿದ ದಿನದಿಂದ ಮೂರು ವರ್ಷ ಮಾತ್ರ ಅವಧಿ. ನೆಂಟಸ್ತಿಕೆಯ ಮುಲಾಜಿನಲ್ಲಿ "ಬರುವ ಹಂಗಾಮಿಗೆ ಕೊಡುತ್ತೇನೆ" ಎಂಬ ಬಾಯಿಮಾತಿಗೆ ಕಾಯುವವರು, ಕಡೇಪಕ್ಷ ಅವಧಿ ಮುಗಿಯುವ ಮೊದಲು ಆ ಮಾತನ್ನು ಅವನ ಸಹಿಯೊಂದಿಗೆ ಕಾಗದದಲ್ಲಿ ಬರೆಸಿಕೊಳ್ಳಲಿ. ಲಿಖಿತ ಒಪ್ಪಿಗೆ ಇದ್ದರೆ ಮೂರು ವರ್ಷದ ಎಣಿಕೆ ಅಲ್ಲಿಂದ ಹೊಸದಾಗಿ ಶುರುವಾಗುತ್ತದೆ.