ಸಾಣಾಪುರ ಫಾಲ್ಸ್‌ಗೆ ಹೋಗುವವರು ದಯವಿಟ್ಟು ಓದಿ

ಗಂಗಾವತಿ ತಾಲ್ಲೂಕಿನ ಸಾಣಾಪುರ ಫಾಲ್ಸ್ ಜೋಗದ ಹಾಗೆ ಎತ್ತರದಿಂದ ಧುಮುಕುವುದಿಲ್ಲ. ತುಂಗಭದ್ರೆ ದೊಡ್ಡ ದೊಡ್ಡ ಬಂಡೆಗಳ ಸಂದಿಯಲ್ಲಿ ನುಗ್ಗಿ, ಸುಳಿ ಕಟ್ಟಿ ಇಳಿಯುತ್ತಾಳೆ. ರೀಲ್ಸ್‌ನಲ್ಲಿ ಆ ಸುಳಿ ಕಾಣುವುದಿಲ್ಲ.

ಕಳೆದ ಮಳೆಗಾಲದಲ್ಲಿ ಬೆಂಗಳೂರಿನಿಂದ ಭಾವಮೈದ, ಅವನ ಗೆಳೆಯರು ಬಂದಿದ್ದರು. ಅಲ್ಲೇ ಸಿಕ್ಕ ಗೈಡ್ ಒಬ್ಬ ತಲೆಗಿಷ್ಟೆಂದು ದುಡ್ಡು ಎಣಿಸಿಕೊಂಡು ನಮ್ಮನ್ನೆಲ್ಲ ನಡುಹೊಳೆಯ ಬಂಡೆಗೆ ದಾಟಿಸಿದ. ಲೈಫ್ ಜಾಕೆಟ್ ಕೇಳಿದರೆ, "ಮೊಣಕಾಲು ಮಟ ನೀರೈತ್ರೀ ಸರ್, ದಿನಾ ಮಂದಿ ಬರ್ತಾರ, ಏನೂ ಆಗಂಗಿಲ್ಲ" ಅಂದ. ಇನ್ನೊಂದು ಗುಂಪನ್ನು ಕರೆತರುತ್ತೇನೆಂದು ಹೋದವನು ಮತ್ತೆ ಬರಲಿಲ್ಲ.

ಒಳ್ಳೆಯ ಬಿಸಿಲಿತ್ತು, ಒಂದು ಹನಿ ಮಳೆಯಿಲ್ಲ. ಆದರೆ ನಾವು ಕೂತ ಬಂಡೆಯ ಮೇಲಿನ ಒದ್ದೆ ಗೆರೆ ಮೆಲ್ಲಗೆ ಮೇಲೇರುತ್ತಿತ್ತು. ಕೆಳಗೆ ಬಿಟ್ಟಿದ್ದ ಚಪ್ಪಲಿಗಳು ತೇಲಿಹೋಗುವ ಹೊತ್ತಿಗೆ ಬಂದ ದಾರಿಯಲ್ಲಿ ಸೊಂಟಮಟ್ಟ ನೀರು. ಭಾವಮೈದ ಇಟ್ಟ ಮೊದಲ ಹೆಜ್ಜೆಯೇ ಪಾಚಿಗಟ್ಟಿದ ಕಲ್ಲಿನ ಮೇಲೆ. ಜಾರಿದವನನ್ನು ನೀರು ಎರಡು ಬಂಡೆಗಳ ಸಂದಿಗೆ ಎಳೆಯಿತು. ಎದೆ ಕಲ್ಲಿಗೊತ್ತಿ, ಉಗುರು ಕಿತ್ತು ರಕ್ತ ಬಂದರೂ ಹಿಡಿತ ಬಿಡಲಿಲ್ಲ. ದಡದಲ್ಲಿ ಬಲೆ ಬಿಡಿಸುತ್ತಿದ್ದ ಇಬ್ಬರು ಹರಿಗೋಲು ತಂದು, ಹಗ್ಗ ಎಸೆದು ಎಳೆದುಕೊಂಡರು. ದುಡ್ಡು ಕೊಡಹೋದರೆ ಮುಟ್ಟಲಿಲ್ಲ. ಅವರ ಋಣ ತೀರುವಂಥದ್ದಲ್ಲ.

ಇಲ್ಲಿನ ಬಿಸಿಲು ನೋಡಿ ಹೊಳೆಯನ್ನು ಅಳೆಯಬೇಡಿ. ಮಳೆ ಬೀಳುವುದು ಶಿವಮೊಗ್ಗ, ಚಿಕ್ಕಮಗಳೂರಿನ ಕಡೆ. ಮೇಲ್ಗಡೆಯ ತುಂಗಭದ್ರಾ (ಟಿಬಿ) ಡ್ಯಾಂ ತುಂಬುತ್ತಿದ್ದಂತೆ ಗೇಟ್ ಎತ್ತಿ ನೀರನ್ನು ನದಿಗೆ ಬಿಡುತ್ತಾರೆ. 2024ರ ಆಗಸ್ಟ್‌ನಲ್ಲಂತೂ 33 ಗೇಟ್‌ಗಳ ಪೈಕಿ 19ನೆಯದು ರಾತ್ರೋರಾತ್ರಿ ಕೊಚ್ಚಿಹೋಗಿತ್ತು. ಡ್ಯಾಂನ ಒಳಹರಿವು, ಹೊರಹರಿವು ಪತ್ರಿಕೆಗಳಲ್ಲಿ ಬರುತ್ತದೆ, ಹೊರಡುವ ಮುನ್ನ ಅದನ್ನು ನೋಡಿ. ಬೇಸಿಗೆಯಲ್ಲಾದರೆ ಭಯವಿಲ್ಲ ಅನ್ನುವಂತೆಯೂ ಇಲ್ಲ: 2025ರ ಫೆಬ್ರುವರಿಯಲ್ಲಿ ಸಾಣಾಪುರದ ಹತ್ತಿರ ಬಂಡೆಯಿಂದ ನದಿಗೆ ಜಿಗಿದ ಯುವತಿಯೊಬ್ಬರು ಸೆಳವಿಗೆ ಸಿಕ್ಕಿ ತೀರಿಕೊಂಡರು.

ಇನ್ನೊಂದು ಮಾತು. ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗಿನ ಸುಮಾರು 34 ಕಿ.ಮೀ. ಹೊಳೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಅವು ಮರಿ ಹಾಕುವುದು ಇಂಥ ಬಂಡೆಗಳ ಪೊಟರೆಗಳಲ್ಲೇ. ನಾವು ಹೋದ ದಿನ ಅಲ್ಲಿ ಒಡೆದ ಬಿಯರ್ ಬಾಟಲಿಯ ಚೂರುಗಳು ಬಿದ್ದಿದ್ದವು. ನೋಡಿ ಹೊಟ್ಟೆ ಉರಿಯಿತು.

ಹೊಳೆ ನೋಡುವ ಆಸೆಯಿದ್ದರೆ ಅಂಜನಾದ್ರಿ ಬೆಟ್ಟ ಹತ್ತಿ, ಮೇಲಿಂದ ಚೆನ್ನಾಗಿ ಕಾಣುತ್ತದೆ. ಜಾಕೆಟ್ ಕೊಡದೆ ನೀರಿಗಿಳಿಸುವ ಗೈಡ್‌ಗೆ ಮುಂಗಡ ಕೊಡಬೇಡಿ. ಯಾರಾದರೂ ಸಿಕ್ಕಿಕೊಂಡಿದ್ದು ಕಂಡರೆ ನೀವೇ ಧುಮುಕದೆ ದಡದ ಮೀನುಗಾರರನ್ನು ಕೂಗಿ, 112ಕ್ಕೆ ಕರೆ ಮಾಡಿ.