ಕುಂಡದಲ್ಲಿ ಹಣ್ಣು: ಕ್ವಿನ್ಸೋ, ದಾಳಿಂಬೆಯೋ?

ಚಿಕ್ಕಮಗಳೂರಿನಲ್ಲಿ ಹಣ್ಣು ಬಿಡುವ ಬೋನ್ಸಾಯ್ ಬೆಳೆಸಲು ಹೊರಟವರು ಸೇಬಿನ ಬಳಗದ ಕ್ವಿನ್ಸ್ ಮರಕ್ಕೆ ಮನಸೋಲುವುದು ಸಹಜ. ಚೀನೀ ಕ್ವಿನ್ಸ್‌ನ ತೊಗಟೆ ನಮ್ಮ ಸೀಬೆ ಮರದಂತೆಯೇ ಚಕ್ಕೆಚಕ್ಕೆಯಾಗಿ ಕಳಚಿ, ಕಂದು, ಬೂದು, ಹಸಿರು ತೇಪೆಗಳನ್ನು ಉಳಿಸುತ್ತದೆ. ಹಳದಿ ಹಣ್ಣು ಹಸಿಯಾಗಿ ತಿನ್ನಲು ಗಟ್ಟಿ, ಒಗರು. ಪರಿಮಳ ಮಾತ್ರ ಕೋಣೆ ತುಂಬುತ್ತದೆ.

ತೊಡಕು ಹವೆಯದು. ಕ್ವಿನ್ಸ್ ಚೆನ್ನಾಗಿ ಹೂ ಬಿಡಲು ಎಲೆ ಉದುರಿಸಿ, ಚಳಿಯಲ್ಲಿ ವಿಶ್ರಮಿಸಬೇಕು. ನಮ್ಮ ಪೇಟೆಯ ಡಿಸೆಂಬರ್ ಹಿತವಾದ ಚಳಿಯೇ ಹೊರತು ಮರ ಬಯಸುವ ಚಳಿಯಲ್ಲ. ಕಾಂಡದ ಚೆಲುವೇ ಸಾಕೆನ್ನುವವರು ಧಾರಾಳವಾಗಿ ಇಟ್ಟುಕೊಳ್ಳಿ.

ಹಣ್ಣೇ ಬೇಕೆನ್ನುವವರಿಗೆ ನನ್ನ ಆಯ್ಕೆ ಕುಬ್ಜ ದಾಳಿಂಬೆ. ಸಾಮಾನ್ಯ ದಾಳಿಂಬೆ ಬೇಡ: ಬೋನ್ಸಾಯ್‌ನಲ್ಲಿ ಎಲೆ ಕಿರಿದಾಗುತ್ತದೆ, ಹಣ್ಣು ಕಿರಿದಾಗದು, ರೆಂಬೆ ಜಗ್ಗುತ್ತದೆ. ಕುಬ್ಜ ತಳಿಯ ಹಣ್ಣು ಸುಮಾರು ನಿಂಬೆಯ ಗಾತ್ರ. ಹೊಸ ಚಿಗುರಿನ ತುದಿಯಲ್ಲಿ ಕೆಂಪು ಮೊಗ್ಗು ಮೂಡುವುದರಿಂದ, ಆಕಾರದ ಆಸೆಗೆ ತುದಿ ಚಿವುಟುತ್ತಲೇ ಇದ್ದರೆ ಹೂವೇ ಇಲ್ಲ. ಮರ ಚಿಕ್ಕದಾದರೆ ಎರಡು ಮೂರು ಕಾಯಿ ಉಳಿಸಿ, ಮಿಕ್ಕವನ್ನು ಎಳೆಯದರಲ್ಲೇ ತೆಗೆಯಿರಿ.

ಬಿಸಿಲು ಎರಡಕ್ಕೂ ಬೇಕು. ಜೂನ್‌ನಿಂದ ಹಿಡಿಯುವ ಜಡಿಮಳೆ ಎರಡಕ್ಕೂ ಶತ್ರು: ಬೇರು ಕೊಳೆಯುತ್ತದೆ, ಎಲೆಗೆ ಚುಕ್ಕೆ ಬೀಳುತ್ತದೆ. ತೋಟದ ಕೆಂಪುಮಣ್ಣನ್ನು ಹಾಗೆಯೇ ತುಂಬದೆ, ದಪ್ಪ ಮರಳು ಮತ್ತು ಇಟ್ಟಿಗೆಚೂರು ಬೆರೆಸಿ, ಕುಂಡವನ್ನು ಬೆಳಕಿರುವ ಸೂರಿನಡಿಗೆ ಸರಿಸಿ.