ಅಲ್ಟ್ರಾವೈಡ್ ಓಎಲ್‌ಇಡಿ ಮಾನಿಟರ್ ತಗೊಳ್ಳುವ ಮುಂಚೆ ಇದನ್ನು ಓದಿ

ರೇಸಿಂಗ್ ಗೇಮ್‌ನಲ್ಲಿ ಮೋಡ ಕವಿದ ಆಕಾಶ ಬಂದಾಗ ಅದು ಮೊದಲ ಸಲ ಕಣ್ಣಿಗೆ ಬಿತ್ತು. ಪರದೆಯ ನಟ್ಟನಡುವೆ, ಮೇಲಿಂದ ಕೆಳಗಿನವರೆಗೆ ಒಂದು ತೆಳು ಗೆರೆ. ಬಟ್ಟೆಯಿಂದ ಒರೆಸಿದೆ, ಹೋಗಲಿಲ್ಲ. ಕೇಬಲ್ ಬದಲಿಸಿದೆ, ಹೋಗಲಿಲ್ಲ. ಪೂರ್ತಿ ಬೂದು ಬಣ್ಣದ ಒಂದು ಚಿತ್ರ ತೆರೆದು ನೋಡಿದರೆ ಕೆಳಗಡೆ ಟಾಸ್ಕ್‌ಬಾರ್ ಐಕಾನ್‌ಗಳ ನೆರಳೂ ಸಾಲಾಗಿ ಕೂತಿತ್ತು. ಬರ್ನ್-ಇನ್, ಅಂದರೆ ಪರದೆಯ ಮೇಲೆ ಒಂದೇ ಜಾಗದಲ್ಲಿ ನಿಂತಿದ್ದರ ಗುರುತು ಅಚ್ಚಾಗಿ ಉಳಿಯುವುದು. ಮಾನಿಟರ್ ತಂದು ಆಗಿನ್ನೂ 14 ತಿಂಗಳು.

34 ಇಂಚಿನ, 3440×1440 ರೆಸಲ್ಯೂಶನ್‌ನ ಅಲ್ಟ್ರಾವೈಡ್ (ಮಾಮೂಲಿಗಿಂತ ಅಗಲದ) ಕ್ಯೂಡಿ-ಓಎಲ್‌ಇಡಿ ಅದು, ಓಎಲ್‌ಇಡಿಯಲ್ಲೇ ಒಂದು ಬಗೆ. ಎರಡು ವರ್ಷ ದುಡ್ಡು ಕೂಡಿಟ್ಟು ತಂದಿದ್ದೆ. ರಾತ್ರಿ ಲೈಟ್ ಆರಿಸಿ ಆಡಲು ಕೂತರೆ ಅಷ್ಟು ಚೆಂದದ ಪರದೆ ನಾನು ಬೇರೆ ನೋಡಿಲ್ಲ. ಆದರೆ ಅದೇ ಪರದೆಯಲ್ಲಿ ಹಗಲೆಲ್ಲ ಆಫೀಸ್ ಕೆಲಸವನ್ನೂ ಮಾಡುತ್ತಿದ್ದೆ. ಎಡಕ್ಕೆ ಎಕ್ಸೆಲ್, ಬಲಕ್ಕೆ ಮೇಲ್. ಅಲ್ಟ್ರಾವೈಡ್ ತಗೊಳ್ಳುವುದೇ ಹೀಗೆ ಎರಡು ವಿಂಡೋ ಪಕ್ಕಪಕ್ಕ ಇಡೋದಕ್ಕೆ ಅಲ್ವಾ? ಆ ಎರಡರ ನಡುವಿನ ಅಂಚು ದಿನಕ್ಕೆ ಎಂಟು ಗಂಟೆ ಒಂದೇ ಜಾಗದಲ್ಲಿ ನಿಂತಿರುತ್ತಿತ್ತು. ಓಎಲ್‌ಇಡಿಯಲ್ಲಿ ಪ್ರತಿ ಪಿಕ್ಸೆಲ್ಲೂ ತಾನೇ ಬೆಳಗುತ್ತದೆ, ಹೆಚ್ಚು ಬೆಳಗಿದ್ದು ಬೇಗ ಮಂಕಾಗುತ್ತದೆ. ಎಕ್ಸೆಲ್‌ನ ಬಿಳಿ ಜಾಗ ಬೇಗ ಸವೆಯಿತು, ಅಂಚು ಸವೆಯಲಿಲ್ಲ. ಗೆರೆ ಮೂಡಿದ್ದು ಹಾಗೆ. ಕಿಟಕಿಯ ಬೆಳಕು ಜೋರು ಅಂತ ಬ್ರೈಟ್‌ನೆಸ್ಸನ್ನೂ ಏರಿಸಿಟ್ಟಿದ್ದೆ. ಅದರಿಂದ ಸವೆತ ಇನ್ನೂ ಜಾಸ್ತಿಯಾಯಿತು.

ಮುಖ್ಯವಾಗಿ ಹೇಳಬೇಕಾದದ್ದು ಗೋಡೆಯ ಸ್ವಿಚ್ ವಿಷಯ. ನಮ್ಮ ಮನೆಗಳಲ್ಲಿ ರಾತ್ರಿ ಮಲಗುವ ಮುಂಚೆ ಎಲ್ಲ ಸ್ವಿಚ್ ಆಫ್ ಮಾಡುವುದು ರೂಢಿ. ನಮ್ಮಲ್ಲಿ ಅಮ್ಮ ಒಂದೂ ಬಿಡದೆ ಆರಿಸುತ್ತಾರೆ. ಒಳ್ಳೆಯ ಅಭ್ಯಾಸವೇ. ಆದರೆ ಓಎಲ್‌ಇಡಿ ಮಾನಿಟರ್ ಕೆಲವು ಗಂಟೆ ಓಡಿದ ಮೇಲೆ, ಸ್ಟ್ಯಾಂಡ್‌ಬೈಗೆ ಹೋದಾಗ, ಪಿಕ್ಸೆಲ್‌ಗಳ ಸವೆತವನ್ನು ತಾನೇ ಅಳೆದು ಸರಿದೂಗಿಸಿಕೊಳ್ಳುತ್ತದೆ. ಪಿಕ್ಸೆಲ್ ರಿಫ್ರೆಶ್ ಅನ್ನುವುದು ಇದಕ್ಕೇ. ಕೆಲವೇ ನಿಮಿಷದ ಕೆಲಸ, ಆದರೆ ಕರೆಂಟ್ ಇರಬೇಕು. ನಮ್ಮ ಮನೆಯಲ್ಲಿ ಅದಕ್ಕೆ ಅವಕಾಶವೇ ಸಿಕ್ಕಿರಲಿಲ್ಲ. ಮಾರಿದವರು ಈ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ.

ಸರ್ವಿಸ್ ಸೆಂಟರ್‌ಗೆ ಹೋದೆ. "ಸರ್, ಈ ಸೀರಿಯಲ್ ನಂಬರ್ ಇಂಡಿಯಾದ್ದಲ್ಲ, ನಾವು ಏನೂ ಮಾಡೋಕಾಗಲ್ಲ" ಅಂದರು. ಅಂಗಡಿಯವರು ಹೊರದೇಶದ ಮಾಲನ್ನು ಸ್ವಲ್ಪ ಕಡಿಮೆ ರೇಟಿಗೆ ಕೊಟ್ಟು "ವಾರಂಟಿ ಇದೆ" ಅಂದಿದ್ದರು. ಆ ವಾರಂಟಿ ಇಲ್ಲಿ ನಡೆಯಲ್ಲ ಅಂತ ನನಗೆ ಗೊತ್ತಾಗಿದ್ದು ಅವತ್ತೇ. ಹಾಗಾಗಿ ದುಡ್ಡು ಕೊಡುವ ಮುಂಚೆ ಸೀರಿಯಲ್ ನಂಬರನ್ನು ಕಂಪನಿಯ ಸೈಟಿನಲ್ಲಿ ನೀವೇ ಹಾಕಿ ನೋಡಿ. ಬರ್ನ್-ಇನ್‌ಗೂ ವಾರಂಟಿ ಇದೆ ಅಂತ ಅವರ ಕಾಗದದಲ್ಲಿ ಬರೆದಿರಬೇಕು. ಬಾಯಿಮಾತು ನಂಬಬೇಡಿ.

ಇನ್ನೂ ಕೆಲವು ವಿಷಯ ಇವೆ. ಕ್ಯೂಡಿ-ಓಎಲ್‌ಇಡಿಯಲ್ಲಿ ಹಗಲು ಬೆಳಕು ಪರದೆಗೆ ಬಿದ್ದರೆ ಕಪ್ಪು ಕಪ್ಪಾಗಿ ಉಳಿಯಲ್ಲ, ಬೂದು-ನೇರಳೆಗೆ ತಿರುಗುತ್ತದೆ. ಸಣ್ಣ ಅಕ್ಷರಗಳ ಅಂಚಿನಲ್ಲಿ ಬಣ್ಣ ಕಾಣುತ್ತದೆ, ದಿನವಿಡೀ ಓದುವವರ ಕಣ್ಣಿಗೆ ಕಷ್ಟ. ಎಲ್ಲ ಗೇಮ್‌ಗಳೂ ಅಗಲದ ಪರದೆಯನ್ನು ತುಂಬುವುದೂ ಇಲ್ಲ. ಎಲ್ಡನ್ ರಿಂಗ್‌ನಲ್ಲಿ ಎರಡೂ ಬದಿಗೆ ಕಪ್ಪು ಪಟ್ಟಿ ಬರುತ್ತದೆ. ಅಂಥ ಗೇಮನ್ನೇ ನೂರಾರು ಗಂಟೆ ಆಡಿದರೆ ನಡುವಿನ ಭಾಗ ಮಾತ್ರ ಸವೆಯುತ್ತದೆ. ಇನ್ನು ಗ್ರಾಫಿಕ್ಸ್ ಕಾರ್ಡ್: 2560×1440ಕ್ಕಿಂತ ಇದರಲ್ಲಿ ಸುಮಾರು 34% ಹೆಚ್ಚು ಪಿಕ್ಸೆಲ್. ಹಳೆಯ ಕಾರ್ಡ್ ಏದುಸಿರು ಬಿಡುತ್ತದೆ.

ಬರೀ ಗೇಮ್, ಸಿನಿಮಾಗೆ ಅಂತಾದರೆ ಧೈರ್ಯವಾಗಿ ತಗೊಳ್ಳಿ. ಆಫೀಸ್ ಕೆಲಸವೂ ಅದರಲ್ಲೇ ಅಂತಾದರೆ ದಯವಿಟ್ಟು ಬೇಡ. ಅದಕ್ಕೊಂದು ಸಾಧಾರಣ ಐಪಿಎಸ್ (ಎಲ್‌ಸಿಡಿಯ ಒಂದು ಬಗೆ) ಮಾನಿಟರ್ ಪಕ್ಕದಲ್ಲಿಡಿ. ನಾನೂ ಈಗ ಹಾಗೇ ಮಾಡಿದ್ದೇನೆ. ಟಾಸ್ಕ್‌ಬಾರ್ ತಾನೇ ಮರೆಯಾಗುವಂತೆ ಇಟ್ಟಿದ್ದೇನೆ, ಗೋಡೆಯ ಸ್ವಿಚ್ ಮೇಲೆ "ಆರಿಸಬೇಡಿ" ಅಂತ ಚೀಟಿ ಅಂಟಿಸಿದ್ದೇನೆ.